ಡಬ್ಬಿ ಮೇಸ್ತ್ರಿಯ ಕೊನೆಯ ಡಬ್ಬಿ

ಇವರು ತೀರಿಕೊಂಡ ದಿನ ಶೆಡ್ಡಿನಲ್ಲಿ ಒಂದು ಗೇರ್‌ಬಾಕ್ಸ್ ಬಿಚ್ಚಿ ಹರಡಿತ್ತು. ಇಪ್ಪತ್ತೈದು ತಟ್ಟೆಗಳಲ್ಲಿ. ಮಧ್ಯಾಹ್ನ ಊಟಕ್ಕೆ ಒಳಗೆ ಬಂದವರು ಕೈ ತೊಳೆಯುತ್ತಾ, "ಪ್ಲೇಟುಗಳನ್ನ ಎಣ್ಣೇಲಿ ನೆನೆ ಹಾಕಿದೀನಿ, ಯಾರೂ ಮುಟ್ಟಬೇಡಿ" ಅಂದರು. ಮನೆಯಲ್ಲಿ ಇದ್ದದ್ದು ನಾನೊಬ್ಬಳೇ. ಆದರೂ ಯಾರೂ ಅಂದರು. ಉಂಡರು. ಸ್ವಲ್ಪ ಹೊತ್ತು ಮಲಗುತ್ತೇನೆ ಅಂದರು. ಏಳಲಿಲ್ಲ. ಎದೆ ನಿಂತಿದೆ ಅಂತ ಡಾಕ್ಟರು ಬಂದು ಹೇಳಿದರು. ಅದನ್ನು ಹೇಳಲು ಡಾಕ್ಟರು ಬೇಕಿರಲಿಲ್ಲ.

ಆ ಗೇರ್‌ಬಾಕ್ಸ್ ಒಬ್ಬ ನರ್ಸಮ್ಮನ ಕಾರಿನದು. ಅವರ ಎಡಗಾಲು ಚಿಕ್ಕಂದಿನಲ್ಲೇ ಸೊರಗಿದ್ದು, ಮಂಡಿಯಿಂದ ಕೆಳಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುತ್ತಾರೆ. ಮನೆಮನೆಗೆ ಹೋಗಿ ಬಾಣಂತಿಯರನ್ನೂ ಹಸುಗೂಸುಗಳನ್ನೂ ನೋಡುವುದು ಅವರ ಕೆಲಸ. ಎಡಗಾಲಲ್ಲಿ ಕ್ಲಚ್ ತುಳಿಯುವ ಕಾರು ಅವರಿಗೆ ಆಗದು. ಗೇರ್ ತಾನಾಗಿ ಬದಲಾಗುವ ಆಟೋಮ್ಯಾಟಿಕ್ ಕಾರೇ ಬೇಕು. ಹದಿನೈದು ದಿನದಲ್ಲಿ ಕೊಡುತ್ತೇನೆ ಅಂತ ಇವರು ಮಾತು ಕೊಟ್ಟಿದ್ದರು. ಹನ್ನೊಂದನೇ ದಿನ ಹೋಗಿಬಿಟ್ಟರು.

ಮೂವತ್ತೊಂದು ವರ್ಷದಲ್ಲಿ ಇವರು ಯಾರ ಗೇರ್‌ಬಾಕ್ಸನ್ನೂ ಆಗಲ್ಲ ಅಂತ ವಾಪಸ್ ಕಳಿಸಿದವರಲ್ಲ. ಒಂದೂ ಇಲ್ಲ. ಈ ಕೊನೆಯದು ನಮ್ಮ ಶೆಡ್ಡಿನಿಂದ ಕಾರಿನಲ್ಲಿ ಹೋಗುತ್ತದೋ ಗೋಣಿಚೀಲದಲ್ಲಿ ಹೋಗುತ್ತದೋ, ಅದು ನನ್ನ ತಲೆಗೆ ಬಂತು. ಅದನ್ನೇ ಬರೆಯುತ್ತಿದ್ದೇನೆ. ಮೊದಲು ಇವರು ಎಂಥವರು ಅಂತ ಹೇಳಿಬಿಡುತ್ತೇನೆ.

ಎಲ್ಲರೂ ಇವರನ್ನು ಡಬ್ಬಿ ಮೇಸ್ತ್ರಿ ಅನ್ನುತ್ತಿದ್ದರು. ಗೇರ್‌ಬಾಕ್ಸಿಗೆ ಇವರು ಡಬ್ಬಿ ಅನ್ನುತ್ತಿದ್ದರಲ್ಲ, ಅದಕ್ಕೆ. ಆಟೋಮ್ಯಾಟಿಕ್ ಡಬ್ಬಿ ಬಿಟ್ಟು ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಟೈರಿಗೆ ಗಾಳಿ ಕಡಿಮೆ ಇದ್ದರೂ ಎದುರುಗಡೆ ತಮ್ಮನ ಗ್ಯಾರೇಜಿಗೆ ಕಳಿಸುತ್ತಿದ್ದರು.

ಮದುವೆಯಾದ ಮೊದಲನೇ ವಾರ ಒಂದು ಉದ್ದನೆಯ ಕಡ್ಡಿ ತಂದು ನನ್ನ ಮೂಗಿನ ಹತ್ತಿರ ಹಿಡಿದರು. ಗೇರ್ ಎಣ್ಣೆ ನೋಡುವ ಕಡ್ಡಿ.

"ಮೂಸು" ಅಂದರು.

"ಯಾಕೆ?"

"ಮೂಸು ಅಂದ್ನಲ್ಲ."

ತಳ ಹಿಡಿದ ಪಾತ್ರೆಯ ವಾಸನೆ. "ಸೀದಿದೆ" ಅಂದೆ.

ಇವರ ಮುಖ ಊರಗಲ ಆಯಿತು. "ಇದನ್ನ ಕಂಡುಹಿಡಿಯೋಕೆ ನನಗೇ ಆರು ತಿಂಗಳು ಬೇಕಾಯ್ತು ಕಣೇ" ಅಂದರು. ಬೇರೆ ಗಂಡಂದಿರು ಹೆಂಡತಿಗೆ ಸೆಂಟು ತಂದು ಮೂಸಿಸುತ್ತಾರೆ. ನನಗೆ ಸಿಕ್ಕಿದ್ದು ಇದು.

ಆಗ ಇವರು ಒಂದು ದೊಡ್ಡ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದರು. ಆಟೋಮ್ಯಾಟಿಕ್ ಡಬ್ಬಿ ಕೆಟ್ಟರೆ ಅಲ್ಲಿ ಯಾರೂ ಬಿಚ್ಚುತ್ತಿರಲಿಲ್ಲ. ಪೂರ್ತಿ ತೆಗೆದು ಹೊಸದು ಕೂರಿಸುತ್ತಿದ್ದರು. ಹಳೆಯದು ಹಿತ್ತಿಲಲ್ಲಿ ತುಕ್ಕು ಹಿಡಿಯುತ್ತಿತ್ತು. ಇವರಿಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. "ಮನುಷ್ಯ ಜೋಡಿಸಿದ್ದನ್ನ ಮನುಷ್ಯ ಯಾಕೆ ಬಿಚ್ಚಬಾರದು?" ಅನ್ನುತ್ತಿದ್ದರು. ಒಂದು ದಿನ ಕೈಗಾಡಿಯಲ್ಲಿ ಒಂದನ್ನು ಮನೆಗೆ ತಂದರು. ಇದ್ದದ್ದು ಒಂದೇ ಕೋಣೆ. ಮಂಚದ ಮೇಲೆ ಹೊಸ ಬೆಡ್‌ಶೀಟು ಹಾಸಿದ್ದೆ. ಅದರ ಮೇಲೆ ಬಿಚ್ಚಿದರು. ಒಂದೂವರೆ ತಿಂಗಳು ಡಬ್ಬಿ ಮಂಚದ ಮೇಲೆ, ನಾವು ನೆಲದ ಮೇಲೆ.

ಎಂಟು ಸಲ ಬಿಚ್ಚಿ ಎಂಟು ಸಲ ಕೂಡಿಸಿದರು. ಪ್ರತಿ ಸಲವೂ ಏನಾದರೂ ಮಿಕ್ಕಿತು. ಕಸ ಗುಡಿಸುವಾಗ ಮಂಚದ ಕೆಳಗೆ ನನಗೆ ಸಿಗುತ್ತಿತ್ತು. ಕಾಳಿನಷ್ಟು ಉಕ್ಕಿನ ಗುಂಡು. ಬೆರಳುಗುರಿನಷ್ಟು ಸ್ಪ್ರಿಂಗು.

"ತಗೊಳ್ಳಿ, ನಿಮ್ಮ ಡಬ್ಬಿ ಮರಿ ಹಾಕಿದೆ" ಅಂತ ಕೈಗಿಡುತ್ತಿದ್ದೆ.

ಒಂಬತ್ತನೇ ಸಲಕ್ಕೆ ನನಗೇ ತಡೆಯಲಾಗಲಿಲ್ಲ. ಮಂಚ ವಾಪಸ್ ಬೇಕಿತ್ತು. ಬೇಕರಿಯವರು ಬಿಸಾಡಿದ್ದ ತಗಡಿನ ತಟ್ಟೆಗಳನ್ನು ಕೇಳಿ ತಂದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಎಣಿಸುವುದರಲ್ಲಿ ತಪ್ಪುತ್ತಿದ್ದೆ, ಅಕ್ಷರಮಾಲೆ ತಪ್ಪುತ್ತಿರಲಿಲ್ಲ. ಬಿಳಿ ಪೇಂಟಿನಲ್ಲಿ ಒಂದೊಂದರ ಮೇಲೆ ಒಂದೊಂದು ಅಕ್ಷರ ಬರೆದೆ. ಅ, ಆ, ಇ, ಈ. ಮೊದಲು ಬಿಚ್ಚಿದ್ದು ಅ ತಟ್ಟೆಗೆ, ಆಮೇಲೆ ಬಿಚ್ಚಿದ್ದು ಆ ತಟ್ಟೆಗೆ. ಹೀಗೆ ಹೋಗಿ ಹೋಗಿ ಡಬ್ಬಿ ಬರಿದಾಗುವಾಗ ಞ ಬಂತು. ಒಟ್ಟು ಇಪ್ಪತ್ತೈದು. ಕೂಡಿಸುವಾಗ ಹಿಂದುಮುಂದು, ಞ ಯಿಂದ ಶುರು ಮಾಡಿ ಅ ಗೆ ಬರಬೇಕು. ಶಾಲೆ ಬಿಟ್ಟ ಮೇಲೆ ಙ ಮತ್ತು ಞ ನನಗೆ ಉಪಯೋಗಕ್ಕೆ ಬಂದದ್ದು ಇದೊಂದೇ ಕಡೆ.

ಆ ಸಲ ಏನೂ ಮಿಕ್ಕಲಿಲ್ಲ. ಮರುವರ್ಷ ಸ್ವಂತ ಶೆಡ್ಡು ಹಾಕಿದರು. ಅಡುಗೆಮನೆಯ ಹಿಂದಿನ ಬಾಗಿಲು ತೆರೆದರೆ ಶೆಡ್ಡು, ಶೆಡ್ಡಿನ ಇನ್ನೊಂದು ಬಾಗಿಲು ರಸ್ತೆಗೆ.

ಎದುರಿನ ಮೈದುನ ದಿನಾ ಕೆಣಕುತ್ತಿದ್ದ. ಅವನದು ಕ್ಲಚ್ ಕಾರುಗಳ ಗ್ಯಾರೇಜು. ರಸ್ತೆಯಾಚೆಯಿಂದಲೇ, "ಅಣ್ಣಾ, ಸೋಮಾರಿಗಳ ಡಬ್ಬಿ ಎಲ್ಲಿವರೆಗೆ ಬಂತು?" ಅಂತ ಕೂಗುತ್ತಿದ್ದ. ಇವರು, "ಋ ಗೆ ಬಂದಿದೀನಿ" ಅನ್ನುತ್ತಿದ್ದರು. ಅವನು ನಗುತ್ತಿದ್ದ. "ಅತ್ತಿಗೆ ನಿಮ್ಮನ್ನ ಒಂದನೇ ಕ್ಲಾಸಿಗೆ ಸೇರಿಸಿದಾರೆ, ಪಾಸ್ ಮಾಡಿಸ್ತಾರೋ ಇಲ್ವೋ!"

ಐವತ್ತು ದಾಟುವಷ್ಟರಲ್ಲಿ ಇವರ ಕಿವಿ ಹೋಯಿತು. ಕಂಪ್ರೆಸರಿನ ಪಕ್ಕದಲ್ಲೇ ಜೀವನ ಕಳೆದರೆ ಇನ್ನೇನಾಗುತ್ತದೆ. ಬಲಗಿವಿ ಪೂರ್ತಿ, ಎಡಗಿವಿ ಮುಕ್ಕಾಲು. ಬೇರೆ ಕೆಲಸದವರಾಗಿದ್ದರೆ ನಡೆಯುತ್ತಿತ್ತು. ಡಬ್ಬಿ ಕೆಲಸದಲ್ಲಿ ಕಿವಿ ಬೇಕು. ಮುಖ್ಯವಾಗಿ ಕನ್ವರ್ಟರ್ ಕೂರಿಸುವಾಗ.

ಕನ್ವರ್ಟರ್ ಅಂದರೆ ದೊಡ್ಡ ಕುಂಬಳಕಾಯಿಯಂಥ ಉಕ್ಕಿನ ಉಂಡೆ. ಎಂಜಿನ್ನಿಗೂ ಡಬ್ಬಿಗೂ ನಡುವೆ ಇರುತ್ತದೆ. ಎಲ್ಲ ಕೂಡಿಸಿದ ಮೇಲೆ ಡಬ್ಬಿಯನ್ನು ಬಾಯಿ ಮೇಲೆ ಮಾಡಿ ನಿಲ್ಲಿಸಿ ಇದನ್ನು ಮೇಲಿನಿಂದ ಇಳಿಸಬೇಕು. ಒಳಗೆ ಮೂರು ಕಡೆ ಹಲ್ಲಿಗೆ ಹಲ್ಲು ಸೇರಬೇಕು. ಎರಡೂ ಕೈಯಲ್ಲಿ ಹಿಡಿದು, ಒತ್ತಿ, ಮೆಲ್ಲಗೆ ತಿರುಗಿಸುತ್ತಾ ಇದ್ದರೆ ಒಂದೊಂದು ಕಡೆ ಸೇರಿದಾಗಲೂ ಟೊಕ್ ಅಂತ ಕೆಳಗೆ ಬೀಳುತ್ತದೆ. ಮೂರು ಸಲ ಬೀಳಬೇಕು. ಎರಡೇ ಸಲ ಬಿದ್ದು ಕೂತಿದೆ ಅಂದುಕೊಂಡು ಕಾರಿಗೆ ಹಾಕಿ ಬಿಗಿದರೆ ಒಳಗಿನ ಪಂಪು ಒಡೆದು ಚೂರಾಗುತ್ತದೆ. ಅಷ್ಟೂ ಕೆಲಸ ಮಣ್ಣು.

ಕಿವಿ ಹೋದ ಮೇಲೆ ಇವರು ಕನ್ವರ್ಟರ್ ಹಿಡಿದು, "ಬಾರೇ, ಎಣಿಸು" ಅಂತ ಕೂಗುತ್ತಿದ್ದರು. ಒಲೆ ಆರಿಸಿ ಹೋಗಿ ನಿಲ್ಲುತ್ತಿದ್ದೆ. ಇವರು ನನ್ನ ಮುಖ ನೋಡುತ್ತಾ ತಿರುಗಿಸುತ್ತಿದ್ದರು. ಟೊಕ್. ಒಂದು ಬೆರಳು ಎತ್ತುತ್ತಿದ್ದೆ. ಟೊಕ್. ಎರಡು. ಮೂರನೆಯದು ಸಣ್ಣ ಸದ್ದು. ಕೆಲವು ಸಲ ಅರ್ಧ ಗಂಟೆ ಬರುತ್ತಿರಲಿಲ್ಲ. ಕೈ ನೋಯುತ್ತಿದ್ದರೂ ಬಿಡುತ್ತಿರಲಿಲ್ಲ. ನನ್ನ ಮೂರನೇ ಬೆರಳು ಎದ್ದ ಮೇಲೇ ಇವರು ಉಸಿರು ಬಿಡುತ್ತಿದ್ದದ್ದು. ಮನೆಯಲ್ಲಿ ನಾನು ಹೇಳಿದ್ದು ಯಾವುದನ್ನೂ ಒಂದೇ ಸಲಕ್ಕೆ ನಂಬಿದವರಲ್ಲ. ಆ ಮೂರು ಬೆರಳು ಮಾತ್ರ ನಂಬುತ್ತಿದ್ದರು.

ಕೆಲಸ ಮುಗಿದ ಮೇಲೆ ಇನ್ನೆರಡು ಇತ್ತು. ಒಂದು, ತುಂಬಿದ ನೀರಿನ ಲೋಟ ಹಿಡಿದು ನಾನು ಪಕ್ಕದ ಸೀಟಿನಲ್ಲಿ ಕೂರಬೇಕು. ಗೇರ್ ಬದಲಾಗುವಾಗ ನೀರು ತುಳುಕಬಾರದು. ತುಳುಕಿದರೆ ಕಾರು ವಾಪಸ್ ಶೆಡ್ಡಿಗೆ. ರಸ್ತೆಯ ಉಬ್ಬಿಗೆ ತುಳುಕಿದರೆ, "ಅದು ರಸ್ತೆ ತಪ್ಪು, ನಂದಲ್ಲ" ಅನ್ನುತ್ತಿದ್ದರು. ಇನ್ನೊಂದು, ಕಾರಿನವರು ಹೊರಟ ಮೇಲೆ ಇಬ್ಬರೂ ಬಾಗಿಲಲ್ಲಿ ನಿಲ್ಲುವುದು. ಕಾರು ಮೂಲೆ ತಿರುಗುವವರೆಗೆ ನಾನು ಕಿವಿಗೊಡಬೇಕು. "ಏನು ಕೇಳಿಸ್ತು?" ಅಂತ ಕೇಳುತ್ತಿದ್ದರು. "ಏನೂ ಇಲ್ಲ" ಅಂತ ಎಡಗಿವಿಗೆ ಕೂಗುತ್ತಿದ್ದೆ. ಅದಕ್ಕಿಂತ ಹೆಚ್ಚು ಖುಷಿ ಕೊಡುವ ಮಾತು ಇವರಿಗೆ ಇರಲಿಲ್ಲ.

ಈಗಲೂ ನಾನು ಜೋರಾಗಿ ಮಾತಾಡುತ್ತೇನೆ. ಅಭ್ಯಾಸ.

ಇವರು ಹೋದ ಮೂರನೇ ದಿನ ವಾರಗಿತ್ತಿ, ಅಂದರೆ ಆ ಮೈದುನನ ಹೆಂಡತಿ, ನನಗೆ ಸಹಾಯ ಮಾಡಲು ಬಂದಳು. ಒಳ್ಳೆಯವಳು. ಕೈ ಸುಮ್ಮನಿರದವಳು. ನಾನು ಒಳಗೆ ಗೋಡೆ ನೋಡಿಕೊಂಡು ಮಲಗಿದ್ದೆ. ಅವಳು ಅಡುಗೆಮನೆ ತೊಳೆದಳು, ಅಂಗಳ ತೊಳೆದಳು, ಶೆಡ್ಡಿಗೆ ನುಗ್ಗಿದಳು. ನಾನು ಎದ್ದು ನೋಡುವಾಗ ಹಿಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಹನ್ನೆರಡು ಪ್ಲೇಟುಗಳನ್ನು ಸಾಲಾಗಿ ಒಣಹಾಕಿದ್ದಳು.

"ಅಕ್ಕಾ, ನಿಮ್ಮ ದೊಡ್ಡ ಪಾತ್ರೇಲಿ ಕೊಳಕು ಎಣ್ಣೆ ಇತ್ತು. ಅದರಲ್ಲಿ ಈ ತಟ್ಟೆಗಳು ಬಿದ್ದಿದ್ವು. ಸೋಪು ಹಾಕಿ ಎರಡು ಸಲ ತಿಕ್ಕಿದೆ. ಎಂಥ ಜಿಡ್ಡು ಅಂತೀರಾ!"

ಅವು ಡಬ್ಬಿಯ ಒಳಗಿನ ಕ್ಲಚ್ ಪ್ಲೇಟುಗಳು. ಕಾಲಲ್ಲಿ ತುಳಿಯುವ ಕ್ಲಚ್ ಇಲ್ಲದ ಕಾರಿಗೂ ಒಳಗೆ ಇವು ಇರುತ್ತವೆ. ಎರಡು ಮುಖಕ್ಕೂ ಕಾಗದದಂಥ ಮೆತ್ತನೆ ಪಟ್ಟಿ ಅಂಟಿಸಿರುತ್ತದೆ. ಅದು ಎಣ್ಣೆ ಕುಡಿದಿರಬೇಕು. ನೀರು ತಾಕಿದರೆ ಏಳುತ್ತದೆ. ಇವಳು ತೆಂಗಿನ ನಾರಿನಲ್ಲಿ ತಿಕ್ಕಿದ್ದಳು. ಪಟ್ಟಿ ಹಪ್ಪಳದ ಹಾಗೆ ಸುರುಳಿ ಎದ್ದಿತ್ತು.

ಯಾರೂ ಮುಟ್ಟಬೇಡಿ ಅಂದಿದ್ದರು ಇವರು. ಇವರಿಗೆ ಗೊತ್ತಿತ್ತು ಅನ್ನಿಸುತ್ತದೆ.

ನನಗೆ ಬೈಯಬೇಕು ಅನ್ನಿಸಿತು. ಬಾಯಿ ತೆರೆದೆ, ನಗು ಬಂತು. ಇವರು ಹೋದ ಮೇಲೆ ಮೊದಲನೇ ಸಲ. ವಾರಗಿತ್ತಿ ಹೆದರಿ ಗಂಡನನ್ನು ಕರೆಯಲು ಓಡಿದಳು. ನನಗೆ ತಲೆ ಕೆಟ್ಟಿತು ಅಂದುಕೊಂಡಳಂತೆ.

ಇವರು ಮಾತು ಕೊಟ್ಟಿದ್ದ ಹದಿನೈದನೇ ದಿನ ನರ್ಸಮ್ಮ ಬಂದರು. ಯಾರದೋ ವ್ಯಾನಿನಲ್ಲಿ. ಕೈಯಲ್ಲಿ ಎರಡು ಗೋಣಿಚೀಲ. ಬಾಗಿಲಲ್ಲೇ ನಿಂತರು.

"ಅಕ್ಕಾ, ಹೇಗೆ ಹೇಳಲಿ ಗೊತ್ತಾಗ್ತಿಲ್ಲ. ಸಾಮಾನುಗಳನ್ನ ಇದಕ್ಕೆ ತುಂಬಿಸಿಬಿಡಿ. ಗುಜರಿಯವರು ಕಾರನ್ನೂ ಇದನ್ನೂ ಒಟ್ಟಿಗೆ ತಗೊಂಡು ಹೋಗ್ತಾರೆ."

"ಮನೆಮನೆಗೆ ಹೋಗೋ ಕೆಲಸ?"

"ಬಿಡ್ತೀನಿ. ಆಸ್ಪತ್ರೇಲಿ ಕೂತು ಚೀಟಿ ಬರೆಯೋ ಕೆಲಸ ಇದೆ ಅಂದಿದಾರೆ." ಆಮೇಲೆ ಮೆಲ್ಲಗೆ, "ಹದಿನೆಂಟು ವರ್ಷ ಮಾಡಿದ್ದು ಅಕ್ಕಾ" ಅಂದರು.

"ಇನ್ನೊಂದು ಹತ್ತು ದಿನ ಕೊಡಿ" ಅಂದೆ. ಯಾಕೆ ಅಂದೆನೋ. ನನ್ನ ಕೈಯಲ್ಲಿ ಒಂದು ಬೋಲ್ಟು ಬಿಗಿಯಲೂ ಆಗದು.

"ಮಾಡೋರು ಯಾರು?"

"ಇದಾರೆ."

ಅವರು ಒಂದು ಗೋಣಿಚೀಲ ಅಲ್ಲೇ ಬಿಟ್ಟು ಹೋದರು. ಮರೆತೋ ಬೇಕೆಂತಲೋ ಗೊತ್ತಿಲ್ಲ.

ರಸ್ತೆ ದಾಟಿ ಮೈದುನನ ಗ್ಯಾರೇಜಿಗೆ ಹೋದೆ. ಅವನು ಕಾರಿನ ಕೆಳಗೆ ಮಲಗಿದ್ದ. ಕಾಲು ಕಾಣುತ್ತಿತ್ತು. ಕಾಲಿಗೇ ಹೇಳಿದೆ.

"ನಿನ್ನ ಹೆಂಡತಿ ನಿಮ್ಮಣ್ಣನ ಕೆಲಸ ಹಾಳು ಮಾಡಿದಾಳೆ. ಬಂದು ಸರಿ ಮಾಡು."

ಕಾಲು ಅಲುಗಲಿಲ್ಲ. "ಅತ್ತಿಗೆ, ನಂಗೆ ಆ ಡಬ್ಬಿ ಬರಲ್ಲ. ಅಣ್ಣ ಇದ್ದಾಗ ಕಲೀಲಿಲ್ಲ."

"ನಗಾಡ್ಕೊಂಡು ಇದ್ದೆ ನೀನು."

"ಹೂಂ."

"ಅಕ್ಷರ ಬರುತ್ತಲ್ಲ?"

ಆಮೇಲೆ ಹೊರಗೆ ಬಂದ. ಮುಖಕ್ಕೆ ಗ್ರೀಸು ಮೆತ್ತಿತ್ತು. ಅಣ್ಣನದೇ ಮೂಗು ಇವನಿಗೂ. ಅದನ್ನು ನೋಡಿ ನಾನು ಬೇರೆ ಕಡೆ ತಿರುಗಿದೆ.

ಹೊಸ ಪ್ಲೇಟುಗಳನ್ನು ಅವನೇ ತರಿಸಿದ. ನಾನೇ ಎಣ್ಣೆಯಲ್ಲಿ ನೆನೆ ಹಾಕಿ ಮೇಲೆ ಮುಚ್ಚಳ ಮುಚ್ಚಿ ಕಲ್ಲು ಹೇರಿದೆ. ವಾರಗಿತ್ತಿಗೆ ಶೆಡ್ಡಿನ ಹೊಸಿಲು ದಾಟಬಾರದು ಅಂತ ಗಂಡನ ಅಪ್ಪಣೆ. ಅವಳು ಹೊಸಿಲ ಆಚೆ ನಿಂತೇ ಟೀ ಚಾಚುತ್ತಿದ್ದಳು.

ಞ ಯಿಂದ ಶುರು ಮಾಡಿದೆವು. ನಾನು ತಟ್ಟೆ ಕೊಡುವುದು, ಅವನು ಜೋಡಿಸುವುದು. ಒಳ್ಳೆಯ ಕೈ ಅವನದು. ಆದರೆ ಅವಸರ ಜಾಸ್ತಿ. ಜೋಡಿಸುವ ರೀತಿ ನನಗೆ ಬಾರದು, ತಪ್ಪು ಜೋಡಿಸಿದರೆ ಗೊತ್ತಾಗುತ್ತಿತ್ತು. ಮೂವತ್ತು ವರ್ಷ ನೋಡಿದ ಕಣ್ಣು.

"ಆ ರಿಂಗು ತಿರುಗುಮುರುಗು ಹಾಕಿದೀಯ."

"ಹೇಗೆ ಗೊತ್ತು?"

"ಅವರು ಹಾಕಿದಾಗ ಹೊಳೆಯೋ ಕಡೆ ಮೇಲೆ ಇರ್ತಿತ್ತು."

"ಇದ್ಯಾವ ಶಾಲೆ ಅತ್ತಿಗೆ!" ಅನ್ನುತ್ತಾ ಸರಿ ಮಾಡಿದ.

ಐದು ದಿನ ಹಿಡಿಯಿತು. ಇಂಜಿನಿಯರುಗಳಿಗೆ ನಗು ಬರಬಹುದು, ಓ, ಏ, ಎ, ಋ ಅಂತ ನಾವಿಬ್ಬರೂ ಕೂಗಿಕೊಂಡು ಕೆಲಸ ಮಾಡಿದ್ದಕ್ಕೆ. ಕೊನೆಗೆ ಅ ತಟ್ಟೆಯೂ ಖಾಲಿ. ನೆಲ ಗುಡಿಸಿದೆ. ಏನೂ ಮಿಕ್ಕಿರಲಿಲ್ಲ.

ಆರನೇ ದಿನ ಬೆಳಗ್ಗೆ ಕನ್ವರ್ಟರ್. ನಾನು ಬರುವವರೆಗೆ ಮುಟ್ಟಬೇಡ ಅಂದಿದ್ದೆ. ಅವನು ಕೇಳುವವನಲ್ಲ. ನಾನು ಅಡುಗೆಮನೆಯಿಂದ ಶೆಡ್ಡಿಗೆ ಕಾಲಿಡುವಾಗ ಆಗಲೇ ತಿರುಗಿಸುತ್ತಿದ್ದ. ಟೊಕ್. ಇನ್ನು ಸ್ವಲ್ಪ ತಿರುಗಿಸಿದ. ಟೊಕ್.

"ಆಯ್ತು" ಅಂದ.

"ಎರಡೇ ಆಗಿದ್ದು."

"ಮೂರು ಅತ್ತಿಗೆ. ನೀವು ಬರೋಕೆ ಮುಂಚೆ ಒಂದು ಬಿತ್ತು."

"ನೀನೇ ಕೇಳಿದ್ಯಾ?"

"ಬಿದ್ದ ಹಾಗಾಯ್ತು. ಈಗ ನೋಡಿ, ಅಲುಗೋದೇ ಇಲ್ಲ."

ಅಲುಗುತ್ತಿರಲಿಲ್ಲ, ನಿಜ. ಆ ಮೂರನೇ ಸಣ್ಣ ಸದ್ದು ನನಗೆ ಕೇಳಿಸಿರಲಿಲ್ಲ, ಅದೂ ನಿಜ. ಆದರೆ ಆ ದಿನಗಳಲ್ಲಿ ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಒಲೆ ಮೇಲೆ ಹಾಲಿಟ್ಟು ಮರೆಯುತ್ತಿದ್ದೆ. ಯಾರೂ ಕರೆಯದಿದ್ದರೂ "ಬಂದೆ" ಅನ್ನುತ್ತಿದ್ದೆ. ಇಲ್ಲದ್ದು ಕೇಳುವ ಕಿವಿಗೆ ಇದ್ದದ್ದು ಕೇಳದೆ ಹೋಗಿರಬಹುದು. ಸುಮ್ಮನಾದೆ. ಅದು ನನ್ನ ತಪ್ಪು.

ಮಧ್ಯಾಹ್ನ ಕಾರನ್ನು ಎತ್ತರಕ್ಕೆ ನಿಲ್ಲಿಸಿ, ಕೆಳಗಿನಿಂದ ಜ್ಯಾಕಿನ ಮೇಲೆ ಡಬ್ಬಿಯನ್ನು ಏರಿಸಿ ಎಂಜಿನ್ನಿಗೆ ತಾಗಿಸಿದ. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಟಾರ್ಚು ಹಿಡಿದಿದ್ದೆ. ಡಬ್ಬಿಗೂ ಎಂಜಿನ್ನಿಗೂ ಮಧ್ಯೆ ಒಂದು ಬೆರಳು ಸಂದು ಉಳಿಯಿತು. ದೂಡಿದ. ಹೆಗಲು ಕೊಟ್ಟು ದೂಡಿದ. ಸಂದು ಹಾಗೇ.

"ಉದ್ದನೆ ಸ್ಪ್ಯಾನರ್ ಕೊಡಿ" ಅಂದ.

"ಯಾಕೆ?"

"ನಾಲ್ಕು ಬೋಲ್ಟ್ ಹಾಕಿ ಎಳೆದ್ರೆ ತಾನಾಗೇ ಬಂದು ಕೂರುತ್ತೆ. ನಮ್ಮ ಗಾಡಿಗಳಲ್ಲಿ ಹಾಗೇ ಮಾಡೋದು."

ಕ್ಲಚ್ ಗಾಡಿಯವರೆಲ್ಲ ಹಾಗೇ ಮಾಡುತ್ತಾರೆ. ಅವುಗಳಿಗೆ ಅದು ನಡೆಯುತ್ತದೋ ಏನೋ. ಇದಕ್ಕೆ ನಡೆಯದು.

"ಎಳೀಬೇಡ. ಮೂರನೇದು ಬಿದ್ದಿಲ್ಲ."

"ಬಿದ್ದಿದೆ ಅತ್ತಿಗೆ. ಇಷ್ಟು ದಿನ ನೀವು ಹೇಳಿದ್ದೆಲ್ಲ ಕೇಳಿದೆ. ಇದು ನನ್ನ ಕೆಲಸ, ಇದೊಂದು ನಂಗೆ ಬಿಡಿ."

ಅವನೇ ಕೈ ಚಾಚಿ ಸ್ಪ್ಯಾನರ್ ತೆಗೆದುಕೊಂಡ. ಬೋಲ್ಟು ಹಾಕಿದ. ಒಂದು ಸುತ್ತು ತಿರುಗಿಸಿದ. ನಾನು ಟಾರ್ಚು ಕೆಳಗಿಟ್ಟು ಆ ಸಂದಿಗೆ ಬಲಗೈಯ ಬೆರಳು ತೂರಿಸಿದೆ. ಎಣಿಸುವಾಗ ಮೊದಲು ಎತ್ತುತ್ತಿದ್ದ ಬೆರಳು.

"ಅತ್ತಿಗೆ! ತೆಗೀರಿ ಕೈ!"

"ಎಳೆಯೋದಾದ್ರೆ ಇದನ್ನೂ ಸೇರಿಸಿ ಎಳಿ."

"ಹುಚ್ಚಾ ನಿಮಗೆ?"

"ನಿನ್ನ ಹೆಂಡತಿ ಆಗಲೇ ಹಾಗೆ ಹೇಳ್ಕೊಂಡು ಬಂದಿದಾಳಲ್ಲ."

ಅವನು ನನ್ನನ್ನೇ ನೋಡಿದ. ಕಾರಿನ ಕೆಳಗೆ ಇಬ್ಬರೂ ಬೆವರುತ್ತಾ ಕೂತಿದ್ದೆವು. ಹೊಸಿಲ ಆಚೆಯಿಂದ ವಾರಗಿತ್ತಿ, "ಏನ್ರೀ ಅದು ಗಲಾಟೆ?" ಅಂದಳು. "ಏನಿಲ್ಲ ಕಣೇ, ಅಣ್ಣ ಬಂದಿದಾನೆ" ಅಂತ ಗೊಣಗಿ ಬೋಲ್ಟು ಬಿಚ್ಚಿದ.

ಡಬ್ಬಿ ಮತ್ತೆ ಕೆಳಗೆ ಇಳಿಯಿತು. ಮತ್ತೆ ಬಾಯಿ ಮೇಲೆ ಮಾಡಿ ನಿಲ್ಲಿಸಿದೆವು. ಕನ್ವರ್ಟರನ್ನು ಅವನು ತಿರುಗಿಸಿದ. ಒತ್ತಿದ. ಬೈದ. ಹತ್ತು ನಿಮಿಷವಾಯಿತು. ಏನೂ ಇಲ್ಲ.

"ನೋಡಿದ್ರಾ? ಕೂತಿದೆ" ಅಂದ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

"ನಿನ್ನ ಕೈ ಅವಸರ. ಆಚೆ ಸರಿ."

ನಾನು ಹಿಡಿದೆ. ಅದನ್ನು ನಾನು ಯಾವತ್ತೂ ಮುಟ್ಟಿರಲಿಲ್ಲ. ನನ್ನದು ಎಣಿಸುವ ಕೆಲಸ ಮಾತ್ರ. ತಣ್ಣಗಿತ್ತು. ಇವರು ಹೇಗೆ ಮಾಡುತ್ತಿದ್ದರು ಅಂತ ನೆನೆಸಿಕೊಂಡೆ. ಒತ್ತುತ್ತಿರಲಿಲ್ಲ, ಅದರ ಭಾರ ಅದಕ್ಕೇ ಬಿಡುತ್ತಿದ್ದರು. ಮಗುವಿನ ತಲೆ ತಿರುಗಿಸಿದ ಹಾಗೆ ಇಷ್ಟಿಷ್ಟೇ ಆಚೆ, ಇಷ್ಟಿಷ್ಟೇ ಈಚೆ. ಹಾಗೇ ಮಾಡಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ವಾರಗಿತ್ತಿ ಚಾಚಿದ ಟೀ ಆರಿಹೋಯಿತು. ಮೈದುನ ಬೀಡಿ ಹಚ್ಚಲು ಹೋದವನು ಹಚ್ಚದೆ ನಿಂತ.

ಟೊಕ್.

ಸಣ್ಣ ಸದ್ದು. ಕೈಗೂ ಗೊತ್ತಾಯಿತು. ಒಂದು ಬೆರಳು ಕೆಳಗೆ ಇಳಿಯಿತು.

ತಲೆ ಎತ್ತಿ ನೋಡಿದರೆ ಮೈದುನ ಮೂರು ಬೆರಳು ಎತ್ತಿಕೊಂಡು ನಿಂತಿದ್ದ. ನಾವು ಎಣಿಸುವುದನ್ನು ರಸ್ತೆಯಾಚೆಯಿಂದ ಇಷ್ಟು ವರ್ಷ ನೋಡಿದ್ದನಲ್ಲ. ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದ.

ಈ ಸಲ ಕಾರಿಗೆ ಏರಿಸಿದಾಗ ಸಂದು ಉಳಿಯಲಿಲ್ಲ. ಬೋಲ್ಟುಗಳು ಕೈಯಲ್ಲೇ ಹೋದವು.

ಹತ್ತನೇ ದಿನ ನರ್ಸಮ್ಮ ಬಂದರು. ಇನ್ನೊಂದು ಗೋಣಿಚೀಲ ತಂದಿರಲಿಲ್ಲ. ಅವರು ಸ್ಟಿಯರಿಂಗ್ ಹಿಡಿದರು. ನಾನು ಲೋಟದ ತುಂಬ ನೀರು ಹಿಡಿದು ಪಕ್ಕದಲ್ಲಿ ಕೂತೆ. ಮೈದುನ ಹಿಂದೆ ಕೂತ. ಕಾರು ಹೊರಟಿತು. ಬೇಕರಿ ದಾಟಿತು, ಶಾಲೆ ದಾಟಿತು. ನಾನು ನೀರನ್ನೇ ನೋಡುತ್ತಿದ್ದೆ.

"ಇನ್ನೂ ಒಂದನೇ ಗೇರಲ್ಲೇ ಇದೆಯಾ?" ಅಂತ ನರ್ಸಮ್ಮ ಕೇಳಿದರು.

"ಒಂದಾ? ಆಗ್ಲೇ ಮೂರಕ್ಕೆ ಹೋಗಿದೆ ನರ್ಸಮ್ಮ. ನಂಗೇ ಗೊತ್ತಾಗಲಿಲ್ಲ" ಅಂದ ಮೈದುನ. ಅದನ್ನು ಹೇಳುವಾಗ ಸೋಮಾರಿಗಳ ಡಬ್ಬಿ ಅನ್ನಲಿಲ್ಲ.

ನರ್ಸಮ್ಮ ಖುಷಿಯಲ್ಲಿ ಉಬ್ಬು ನೋಡಲಿಲ್ಲ. ಅರ್ಧ ಲೋಟ ನನ್ನ ಸೀರೆ ಮೇಲೆ.

"ಅಯ್ಯೋ ಅಕ್ಕಾ!"

"ಅದು ರಸ್ತೆ ತಪ್ಪು. ನಮ್ಮದಲ್ಲ" ಅಂದೆ.

ನಮ್ಮನ್ನು ಶೆಡ್ಡಿನ ಮುಂದೆ ಇಳಿಸಿದರು. ಯಾವುದೋ ಮನೆಯಲ್ಲಿ ನಾಲ್ಕು ದಿನದ ಕೂಸು ಹಾಲು ಕುಡಿಯುತ್ತಿಲ್ಲವಂತೆ, ಈಗಲೇ ಹೋಗಬೇಕು ಅಂದರು. ಇಳಿದು ಮಾತಾಡಲು ನೋಡಿದರು. ಹೋಗಿ, ಮಗು ಕಾಯುತ್ತೆ ಅಂದೆ. ಹೋದರು.

ನಾನು ಬಾಗಿಲಲ್ಲಿ ನಿಂತೆ. ಕಾರು ಮೂಲೆ ತಿರುಗುವವರೆಗೆ ಕಿವಿಗೊಟ್ಟೆ.

"ಏನೂ ಇಲ್ಲ!" ಅಂದೆ.

ಪಕ್ಕದಲ್ಲಿದ್ದ ಮೈದುನ ಬೆಚ್ಚಿಬಿದ್ದ. "ಯಾಕತ್ತಿಗೆ ಕೂಗ್ತೀರಾ? ನನ್ನ ಕಿವಿ ಸರಿಯಾಗೇ ಇದೆ."

ಒಳಗೆ ಹೋಗಿ ಇಪ್ಪತ್ತೈದು ತಟ್ಟೆಗಳನ್ನೂ ತೊಳೆದು ಕಟ್ಟೆಯ ಮೇಲೆ ಒಣಹಾಕಿದೆ. ಸೋಪು ಹಾಕಿಯೇ ತೊಳೆದೆ. ಪ್ಲೇಟಿಗೆ ಹಾಕಬಾರದು, ತಟ್ಟೆಗೆ ಹಾಕಬಹುದು.